ಇಟಲಿಯ ಹಳ್ಳಿಗಾಡಿನಲ್ಲಿ ಒಂದು ದಿನ ಸೈಕಲ್: ಯಾವ ದಾರಿ ಯಾರಿಗೆ?

ಇಟಲಿಗೆ ಹೋಗುವ ನಮ್ಮವರ ಕೈಯಲ್ಲಿ ಸಾಮಾನ್ಯವಾಗಿ ಎಂಟು-ಹತ್ತು ದಿನಗಳಿರುತ್ತವೆ. ರೋಮ್, ಫ್ಲಾರೆನ್ಸ್, ವೆನಿಸ್ ಎಂದು ಹಂಚಿದ ಮೇಲೆ ಒಂದು ದಿನ ಉಳಿಯುತ್ತದೆ. ಆ ದಿನವನ್ನು ಇನ್ನೊಂದು ಊರಿಗೆ ಕೊಡುವ ಬದಲು ಸೈಕಲ್‌ಗೆ ಕೊಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ರೈಲಿನ ಕಿಟಕಿಯಲ್ಲಿ ಓಡಿಹೋಗುವ ಹೊಲ, ತೋಟ, ಕಾಲುವೆಗಳ ನಡುವೆ ನಿಧಾನವಾಗಿ ಸಾಗಿ, ಹಸಿವಾದಾಗ ಸಿಕ್ಕಿದ ಹಳ್ಳಿಯಲ್ಲಿ ನಿಲ್ಲುವುದು ಆ ದೇಶವನ್ನು ಅರಿಯುವ ಒಳ್ಳೆಯ ಬಗೆ.

ಆದರೆ ಎಲ್ಲಿ ಎಂಬ ಪ್ರಶ್ನೆಗೆ ಹೆಚ್ಚಿನವರು ಚಿತ್ರ ನೋಡಿ ಉತ್ತರ ಹುಡುಕುತ್ತಾರೆ. ಸಾಲು ಸೈಪ್ರೆಸ್ ಮರಗಳು, ಗುಡ್ಡದ ನೆತ್ತಿಯಲ್ಲಿ ಕಲ್ಲಿನ ಮನೆ, ಅಲ್ಲಿಗೆ ಸುತ್ತಿ ಸುತ್ತಿ ಹೋಗುವ ಬಿಳಿ ರಸ್ತೆ. ಅದು ಟಸ್ಕನಿ, ಹಾಗಾಗಿ ಟಸ್ಕನಿಗೇ ಟಿಕೆಟ್. ಚಿತ್ರದಲ್ಲಿ ಏರು ಕಾಣುವುದಿಲ್ಲ. ದೂರದಿಂದ ಮೃದುವಾಗಿ ಕಾಣುವ ಆ ಗುಡ್ಡ ಪೆಡಲ್ ತುಳಿಯುವವರಿಗೆ ಶೇಕಡಾ 12ರ ಏರು (ನೂರು ಮೀಟರ್ ಸಾಗಿದರೆ ಹನ್ನೆರಡು ಮೀಟರ್ ಎತ್ತರ), ಅದಾದ ಮೇಲೆ ಅಂಥದ್ದೇ ಇನ್ನೊಂದು. ಆದ್ದರಿಂದ ದಾರಿಯನ್ನು ಆರಿಸುವಾಗ ನಾನು ಮೊದಲು ಎರಡೇ ವಿಷಯ ನೋಡುತ್ತೇನೆ. ಅಲ್ಲಿನ ಏರಿಳಿತ ಹೋಗುವವರ ಕಾಲಿಗೆ ಒಗ್ಗುತ್ತದೆಯೇ? ಸಂಜೆ ಸೈಕಲ್ ಸಮೇತ ಮರಳಲು ರೈಲು ಇದೆಯೇ? ಇವೆರಡೂ ಸರಿಯಿದ್ದರೆ ನೋಟ ಇಟಲಿಯಲ್ಲಿ ತಾನಾಗಿಯೇ ಒದಗಿಬರುತ್ತದೆ.

ಒಂದು ದಿನದ ಮಟ್ಟಿಗೆ ನಾಲ್ಕು ದಾರಿಗಳನ್ನು ಇಲ್ಲಿ ಎದುರುಬದುರು ಇಟ್ಟಿದ್ದೇನೆ: ಉತ್ತರದ ಬಯಲಿನಲ್ಲಿ ಮಿಂಚೊ ನದಿಯ ದಂಡೆ, ನಡುವಿನಲ್ಲಿ ಟಸ್ಕನಿಯ ಕಿಯಾಂಟಿ, ದಕ್ಷಿಣದಲ್ಲಿ ಪುಲ್ಯಾದ ಇತ್ರಿಯಾ ಕಣಿವೆ, ಈಶಾನ್ಯದ ಮೂಲೆಯಲ್ಲಿ ಆಲ್ಪ್ಸ್ ತಪ್ಪಲಿನ ಹಳೆಯ ರೈಲು ಹಾದಿ.

ಮಿಂಚೊ ದಂಡೆ: ಪೆಸ್ಕಿಯೆರಾದಿಂದ ಮಾಂತೋವಾಕ್ಕೆ

ಯಾರಿಗೆ ಏನು ಹೇಳಬೇಕೆಂದು ಗೊತ್ತಾಗದಿದ್ದಾಗ ನಾನು ಹೇಳುವುದು ಇದನ್ನೇ. ಗಾರ್ದಾ ಸರೋವರದ ದಕ್ಷಿಣ ತುದಿಯಲ್ಲಿರುವ ಪೆಸ್ಕಿಯೆರಾ ಊರಿನಲ್ಲಿ ಸರೋವರದ ನೀರು ಹೊರಬಿದ್ದು ಮಿಂಚೊ ನದಿಯಾಗುತ್ತದೆ. ಅಲ್ಲಿಂದ ಮಾಂತೋವಾದವರೆಗೆ ಸುಮಾರು 45 ಕಿಲೋಮೀಟರ್ ದೂರ ನದಿ ಮತ್ತು ಕಾಲುವೆಗಳ ಪಕ್ಕದಲ್ಲೇ ಸೈಕಲ್ ದಾರಿ. ಬಹುಪಾಲು ಡಾಂಬರು, ವಾಹನಗಳ ಕಾಟ ಕಡಿಮೆ, ಸರೋವರದಿಂದ ಬಯಲಿಗೆ ಹೋಗುವುದರಿಂದ ಒಟ್ಟಾರೆ ನಸು ಇಳಿಜಾರು. ವರ್ಷಗಳಿಂದ ಸೈಕಲ್ ಮುಟ್ಟದವರೂ ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಮಧ್ಯಾಹ್ನ ಮೂರರೊಳಗೆ ಆರಾಮವಾಗಿ ಮುಟ್ಟಬಹುದು. ಹತ್ತು-ಹನ್ನೆರಡು ವರ್ಷದ ಮಕ್ಕಳನ್ನು ಕರೆದೊಯ್ಯಲು ಈ ನಾಲ್ಕರಲ್ಲಿ ನಾನು ಧೈರ್ಯವಾಗಿ ಸೂಚಿಸುವ ದಾರಿಯೂ ಇದೇ.

ಸಪಾಟು ಎಂದರೆ ಸಪ್ಪೆ ಎಂದು ಭಾವಿಸಬೇಡಿ. ಮೊದಲ ಕೆಲವು ಕಿಲೋಮೀಟರ್‌ಗಳಲ್ಲೇ ಸಲಿಯೊಂಝೆಯ ಕಟ್ಟೆ ಸಿಗುತ್ತದೆ. ಗಾರ್ದಾದಿಂದ ಎಷ್ಟು ನೀರು ಕೆಳಗಿಳಿಯಬೇಕು ಎಂಬುದನ್ನು ಹಿಡಿತದಲ್ಲಿಡುವ ಕಟ್ಟೆ ಅದು. ಅಲ್ಲಿಂದ ಮುಂದೆ ಮೊಂಝಂಬಾನೊ ಗುಡ್ಡ, ಅದರ ಮೇಲೊಂದು ಕೋಟೆ. ಆಮೇಲೆ ಬೊರ್ಗೆತ್ತೊ. ನದಿಯೊಳಗೇ ಕಾಲೂರಿ ನಿಂತ ನೀರುಗಿರಣಿಗಳ ಪುಟ್ಟ ಹಳ್ಳಿ ಇದು. ಅದರ ಮೇಲುಗಡೆ, ಕಣಿವೆಯ ಈ ಬದಿಯಿಂದ ಆ ಬದಿಗೆ, ಮಿಲಾನಿನ ದೊರೆ ಜಿಯಾನ್ ಗಲೆಯಾತ್ಸೊ ವಿಸ್ಕೊಂತಿ 1393ರಲ್ಲಿ ಕಟ್ಟಲು ತೊಡಗಿದ ಸುಮಾರು 650 ಮೀಟರ್ ಉದ್ದದ ಕೋಟೆಸೇತುವೆ. ಗಿರಣಿಗಳಲ್ಲಿ ಈಗ ಊಟದ ಮನೆಗಳಿವೆ. ಚಕ್ರಗಳ ಸದ್ದಿನ ಪಕ್ಕ ಕುಳಿತು ಕಾಫಿ ಕುಡಿಯಲು ಅರ್ಧ ಗಂಟೆ ಮೀಸಲಿಡಿ. ಸೈಕಲ್ ದಾರಿಯಲ್ಲಿ ಬರುವವರಿಗೆ ಈ ಹಳ್ಳಿ ತೀರಾ ಬೇಗ, ಮೂರನೇ ಒಂದರಷ್ಟು ದಾರಿಯಲ್ಲೇ ಸಿಗುತ್ತದೆ. ಊಟಕ್ಕೆ ಹೊತ್ತಾಗಿಲ್ಲವೆಂದು ಬಿಟ್ಟು ಮುಂದೆ ಹೋದರೆ ಮಾಂತೋವಾದವರೆಗೆ ಇಷ್ಟು ಚೆಂದದ ತಾಣ ಸಿಗುವುದಿಲ್ಲ. ಹಾಗಾಗಿ ಸ್ವಲ್ಪ ತಡವಾಗಿ ಹೊರಟು ಇಲ್ಲಿಯೇ ಊಟ ಮಾಡುವುದೂ ಒಳ್ಳೆಯ ಯೋಜನೆಯೇ.

ಕೊನೆಯ ಅರ್ಧದಲ್ಲಿ ಕಾಲುವೆ ನೇರವಾಗಿ ಹರಿಯುತ್ತದೆ, ಎರಡೂ ಕಡೆ ಮುಸುಕಿನ ಜೋಳ ಮತ್ತು ಹುಲ್ಲುಗಾವಲು. ಇಲ್ಲಿನ ಹಸುಗಳ ಹಾಲಿನಿಂದಲೇ ಗ್ರಾನಾ ಪದಾನೊ ಚೀಸ್ ತಯಾರಾಗುವುದು. ಈ ಬಯಲಿನ ಕೊಟ್ಟಿಗೆಗಳಲ್ಲಿ ಹಾಲು ಕರೆಯುವ ಕೆಲಸದಲ್ಲಿ ದಶಕಗಳಿಂದ ಪಂಜಾಬಿನವರಿದ್ದಾರೆ. ಪೊ ನದಿಯ ದಕ್ಷಿಣಕ್ಕಿರುವ ನೊವೆಲ್ಲಾರಾದಲ್ಲಿ 2000ನೇ ಇಸವಿಯಲ್ಲಿ ದೊಡ್ಡ ಗುರುದ್ವಾರವೂ ತೆರೆಯಿತು. ಹಳ್ಳಿಯ ರಸ್ತೆಯಲ್ಲಿ ಪೇಟ ಸುತ್ತಿದ ಹಿರಿಯರೊಬ್ಬರು ಎದುರಾದರೆ ಅಚ್ಚರಿಪಡಬೇಕಿಲ್ಲ. ನಮಸ್ಕಾರ ಹೇಳಿ, ಮಾತಿಗೆ ನಿಂತೇ ನಿಲ್ಲುತ್ತಾರೆ.

ಇನ್ನು ಮಾಂತೋವಾ. ಮೂರು ಕಡೆ ಸರೋವರಗಳಿಂದ ಸುತ್ತುವರಿದ ಊರು. 2008ರಿಂದ ಸಬ್ಬಿಯೊನೇತಾ ಊರಿನ ಜೊತೆ ಯುನೆಸ್ಕೊ ಪಟ್ಟಿಯಲ್ಲಿದೆ. ಜುಲೈ ಮತ್ತು ಆಗಸ್ಟ್ ಮೊದಲ ಭಾಗದಲ್ಲಿ ಹೋದರೆ ಮೇಲಿನ ಸರೋವರದಲ್ಲಿ ತಾವರೆಗಳು ಅರಳಿರುತ್ತವೆ. ನಮ್ಮ ಕೆರೆಗಳ ತಾವರೆಯೇ, ಅದೇ ಗುಲಾಬಿ, ನೀರಿನಿಂದ ಅಷ್ಟೇ ಎತ್ತರಕ್ಕೆದ್ದ ಎಲೆ. 1921ರಲ್ಲಿ ಇಲ್ಲಿ ನೆಟ್ಟ ಗಿಡ ಎಷ್ಟು ಹಬ್ಬಿತೆಂದರೆ ಸರೋವರವನ್ನು ಮುಚ್ಚಿಬಿಡದಂತೆ ಅದನ್ನು ಕತ್ತರಿಸಿ ಹತೋಟಿಯಲ್ಲಿಡಬೇಕಾಗಿದೆ. ಅದನ್ನು ನೋಡಲೆಂದೇ ಜುಲೈ ಆರಿಸುವುದಾದರೆ ಬೆಲೆಯೂ ತೆರಬೇಕು: ಪೊ ಬಯಲಿನ ಬೇಸಿಗೆ ಸೆಕೆಯದು, ಸಂಜೆ ಸೊಳ್ಳೆಗಳು ಮುತ್ತುತ್ತವೆ. ತಾವರೆ ಬೇಡವೆನ್ನುವವರಿಗೆ ಮೇ ಮತ್ತು ಸೆಪ್ಟೆಂಬರ್ ಹಿತ. ಊರಿನ ಅರಮನೆಯಲ್ಲಿ ಮಂತೆನ್ಯಾ ಚಿತ್ರಿಸಿದ ಕೋಣೆಯಿದೆ. ಸೋಮವಾರ ಅರಮನೆಗೆ ರಜೆ, ಆ ದಿನ ಹೋಗಬೇಡಿ.

ಒಂದು ತೊಡಕಿದೆ. ಮಾಂತೋವಾದಿಂದ ಪೆಸ್ಕಿಯೆರಾಕ್ಕೆ ನೇರ ರೈಲು ಇಲ್ಲ. ವೆರೋನಾಕ್ಕೆ ಬಂದು ರೈಲು ಬದಲಿಸಬೇಕು. ವೆರೋನಾದಲ್ಲಿ ತಂಗಿದವರಿಗೆ ಇದು ತೊಡಕೇ ಅಲ್ಲ: ಬೆಳಿಗ್ಗೆ ಪೆಸ್ಕಿಯೆರಾಕ್ಕೆ ರೈಲು, ಸಂಜೆ ಮಾಂತೋವಾದಿಂದ ರೈಲು, ನಡುವೆ ಪೂರ್ತಿ ದಿನ ಸೈಕಲ್. ಪೆಸ್ಕಿಯೆರಾದಲ್ಲಿ ಬಾಡಿಗೆಗೆ ತೆಗೆದುಕೊಂಡವರು ಮಾತ್ರ ಅಂಗಡಿ ಮುಚ್ಚುವ ಹೊತ್ತನ್ನು ಮೊದಲೇ ಕೇಳಿಕೊಂಡಿರಬೇಕು.

ಕಿಯಾಂಟಿ: ಕಾಲಿಗೆ ಬಲವಿದ್ದವರಿಗೆ

ಕಿಯಾಂಟಿಯನ್ನು ನಾನು ಪ್ರೀತಿಸುತ್ತೇನೆ. ಆದ್ದರಿಂದಲೇ ತಯಾರಿಯಿಲ್ಲದವರನ್ನು ಅಲ್ಲಿಗೆ ಕಳಿಸಲು ಮನಸ್ಸಾಗುವುದಿಲ್ಲ.

ಬೆಂಗಳೂರಿನ ಸೈಕಲ್ ಸವಾರರು ಭಾನುವಾರ ನಂದಿಬೆಟ್ಟ ಹತ್ತಿ ಅಭ್ಯಾಸವಿದ್ದವರು, ಕಿಯಾಂಟಿಯ ನಕ್ಷೆ ನೋಡಿ ಇದೇನು ಮಹಾ ಎನ್ನುತ್ತಾರೆ. ಎತ್ತರದ ಲೆಕ್ಕ ಹಿಡಿದರೆ ಅವರ ಮಾತು ಸರಿ; ಇಲ್ಲಿನ ಊರುಗಳು ಸಮುದ್ರಮಟ್ಟದಿಂದ ಇನ್ನೂರರಿಂದ ಆರುನೂರು ಮೀಟರ್ ಎತ್ತರದಲ್ಲಿವೆ. ಆದರೆ ನಂದಿ ಒಂದೇ ಏರು. ಒಂದು ಲಯ ಹಿಡಿದು ಹತ್ತಿದರೆ ಮುಗಿಯಿತು, ಆಮೇಲೆಲ್ಲ ಇಳಿತ. ಕಿಯಾಂಟಿಯಲ್ಲಿ ಲಯ ಸಿಗುವುದೇ ಇಲ್ಲ. ಒಂದೂವರೆ ಕಿಲೋಮೀಟರ್ ಕಡಿದಾದ ಏರು, ತಕ್ಷಣ ಇಳಿತ, ಕೆಳಗೆ ಒಂದು ಹಳ್ಳ, ಮತ್ತೆ ಏರು. ಇಳಿಯುವಾಗ ಗಳಿಸಿದ್ದನ್ನೆಲ್ಲ ಮುಂದಿನ ತಿರುವಿನಲ್ಲಿ ಕಳೆದುಕೊಳ್ಳುತ್ತೀರಿ. ಮಿಂಚೊ ದಂಡೆಯ 45 ಕಿಲೋಮೀಟರ್ ಮತ್ತು ಇಲ್ಲಿಯ 45 ಕಿಲೋಮೀಟರ್ ಬೇರೆಯೇ ಲೆಕ್ಕ. ಅಲ್ಲಿ ಮೂರೂವರೆ ಗಂಟೆ ಹಿಡಿದರೆ ಇಲ್ಲಿ ಊಟ ಬಿಟ್ಟು ಆರು ಗಂಟೆ ಹಿಡಿಯಿರಿ.

ಇನ್ನು ಬಿಳಿ ರಸ್ತೆ. ಸ್ಟ್ರಾದೆ ಬಿಯಾಂಕೆ ಎಂದು ಕರೆಯುವ ಈ ಜಲ್ಲಿ ಹಾದಿಗಳೇ ಕಿಯಾಂಟಿಯ ಜೀವ. ಕಾರಿನ ಚಕ್ರಗಳು ಹಾದ ಎರಡು ಪಟ್ಟಿಗಳಲ್ಲಿ ಮಣ್ಣು ಸಿಮೆಂಟಿನಷ್ಟು ಗಟ್ಟಿ. ಅವೆರಡರ ನಡುವಿನ ದಿಂಡಿನಲ್ಲಿ ಮತ್ತು ತಿರುವಿನ ಹೊರ ಅಂಚಿನಲ್ಲಿ ಸಡಿಲ ಹರಳು ಗುಡ್ಡೆಬಿದ್ದಿರುತ್ತದೆ. ಇಳಿಜಾರಿನಲ್ಲಿ ಅಡ್ಡಡ್ಡ ಅಲೆಗಳಂತೆ ಗೀರುಗಳೆದ್ದು ಹ್ಯಾಂಡಲ್ ಹಿಡಿದ ಕೈ ಭುಜದವರೆಗೆ ನಡುಗುತ್ತದೆ. ಏರಿನಲ್ಲಿ ಸೀಟಿನಿಂದೆದ್ದು ನಿಂತು ತುಳಿದರೆ ಹಿಂಚಕ್ರ ಹಿಡಿತ ತಪ್ಪಿ ಸುಮ್ಮನೆ ತಿರುಗುತ್ತದೆ. ಕುಳಿತೇ, ಹಗುರ ಗೇರಿನಲ್ಲಿ, ಭಾರ ಹಿಂದಕ್ಕೆ ಬಿಟ್ಟು ತುಳಿಯಬೇಕು. ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು, ತಿರುವಿನೊಳಗೆ ಬ್ರೇಕ್ ಮುಟ್ಟಬಾರದು. ಒಣಹವೆಯಲ್ಲಿ ಧೂಳು ಚೈನಿಗೆ, ಹಲ್ಲಿಗೆ, ನೀರಿನ ಬಾಟಲಿಯ ಮೂತಿಗೆ ಅಂಟುತ್ತದೆ. ಮಳೆ ಬಿದ್ದರೆ ಅದೇ ಧೂಳು ಅಂಟಂಟು ಕೆಸರು. ಬಾಡಿಗೆಗೆ ತೆಗೆದುಕೊಳ್ಳುವಾಗ 35ರಿಂದ 40 ಮಿಲಿಮೀಟರ್ ಅಗಲದ ಟೈರಿನ ಗ್ರಾವೆಲ್ ಸೈಕಲ್ ಕೇಳಿ. ಸಪೂರ ಟೈರಿನ ರೇಸ್ ಸೈಕಲ್ ಇಲ್ಲಿ ಅನುಭವಿಗಳಿಗೆ ಮಾತ್ರ.

ಈ ರಸ್ತೆಗಳು ಇಂದಿಗೂ ಬಿಳಿಯಾಗಿ ಉಳಿದಿರುವುದರ ಹಿಂದೆ ಸೈಕಲ್ಲಿನದೇ ದೊಡ್ಡ ಪಾತ್ರವಿದೆ. 1997ರಲ್ಲಿ ಗಯೋಲೆ ಊರಿನಿಂದ ಜಿಯಾಂಕಾರ್ಲೊ ಬ್ರೊಚ್ಚಿ ಎಂಬುವರು ಎರೋಯಿಕಾ ಎಂಬ ಸವಾರಿಯನ್ನು ಶುರು ಮಾಡಿದರು. ಡಾಂಬರು ಬೀಳದಂತೆ ಈ ಹಾದಿಗಳನ್ನು ಉಳಿಸಿಕೊಳ್ಳಬೇಕೆಂಬುದು ಅದರ ಉದ್ದೇಶಗಳಲ್ಲೊಂದು. 1987ಕ್ಕಿಂತ ಹಿಂದಿನ ಉಕ್ಕಿನ ಸೈಕಲ್ಲುಗಳಲ್ಲಿ, ಹಳೆಯ ಉಣ್ಣೆಯ ಜೆರ್ಸಿ ತೊಟ್ಟು, ಅಕ್ಟೋಬರ್ ಮೊದಲ ವಾರಾಂತ್ಯದಲ್ಲಿ ಸಾವಿರಾರು ಜನ ನಸುಕಿಗೇ ಹೊರಡುತ್ತಾರೆ. ಬ್ರೋಲಿಯೊ ಕೋಟೆಗೆ ಹತ್ತುವ ಸೈಪ್ರೆಸ್ ಸಾಲಿನ ಬಿಳಿ ರಸ್ತೆಯಲ್ಲಿ ಅವರಿಗಾಗಿ ದೀಪಗಳನ್ನು ಹಚ್ಚಿಟ್ಟಿರುತ್ತಾರೆ. 2007ರಲ್ಲಿ ಶುರುವಾದ ವೃತ್ತಿಪರರ ರೇಸ್ ಕೂಡ ಈಗ ಮಾರ್ಚ್‌ನಲ್ಲಿ ನಡೆಯುತ್ತಿದೆ. ಅದು ಮುಗಿಯುವುದು ಸಿಯೆನಾ ನಗರದ ಕಾಂಪೊ ಚೌಕದಲ್ಲಿ, ಅದಕ್ಕೂ ಮುನ್ನ ಸಾಂತಾ ಕತೆರಿನಾ ಬೀದಿಯ ಶೇಕಡಾ 16ರ ಕಲ್ಲುಹಾಸಿನ ಏರು. ಎರೋಯಿಕಾದ 209 ಕಿಲೋಮೀಟರ್ ದಾರಿಗೆ ವರ್ಷವಿಡೀ ಫಲಕಗಳಿವೆ. ಒಂದು ದಿನಕ್ಕೆ ಅಷ್ಟು ಬೇಡ. ಗಯೋಲೆಯಿಂದ ಬ್ರೋಲಿಯೊ, ಅಲ್ಲಿಂದ ಸುತ್ತಿ ಮರಳಿ ಗಯೋಲೆ, ಒಟ್ಟು 30-40 ಕಿಲೋಮೀಟರ್ ಇಟ್ಟುಕೊಂಡರೆ ಕಿಯಾಂಟಿಯ ಸಾರ ಸಿಕ್ಕಿದಂತೆ. ಬ್ರೋಲಿಯೊ ಸುಮ್ಮನೆ ಚೆಂದದ ಕೋಟೆ ಮಾತ್ರವಲ್ಲ. ಒಗ್ಗೂಡಿದ ಇಟಲಿಯ ಎರಡನೇ ಪ್ರಧಾನಿಯಾಗಿದ್ದ ಬೆತ್ತಿನೊ ರಿಕಾಸೊಲಿ ಕಿಯಾಂಟಿ ವೈನ್ ಹೇಗಿರಬೇಕೆಂಬ ಹದವನ್ನು 1872ರಲ್ಲಿ ನಿಗದಿ ಮಾಡಿದ್ದು ಇಲ್ಲಿಯೇ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಈ ಗುಡ್ಡಗಳಲ್ಲಿ 1944ರ ಬೇಸಿಗೆಯಲ್ಲಿ ಭಾರತೀಯ ಸೈನಿಕರು ಹೋರಾಡಿ ಫ್ಲಾರೆನ್ಸ್ ಕಡೆಗೆ ಸಾಗಿದರು. ಇನ್ನೂ ಪೂರ್ವಕ್ಕೆ, ಮೇಲ್ ತೈಬರ್ ಕಣಿವೆಯಲ್ಲಿ, ಆ ಜುಲೈ 10ರಂದು ಮರಾಠಾ ರೆಜಿಮೆಂಟಿನ ಯಶವಂತ ಘಾಡ್ಗೆ ಪ್ರಾಣ ಕೊಟ್ಟು ವಿಕ್ಟೋರಿಯಾ ಕ್ರಾಸ್ ಪಡೆದರು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. ದ್ರಾಕ್ಷಿ ತೋಟಗಳ ನಡುವೆ ಏದುಸಿರು ಬಿಡುತ್ತ ಹತ್ತುವಾಗ, ಬಂದೂಕು ಹೊತ್ತು ಇಂಥದೇ ಏರುಗಳನ್ನು ನಡೆದು ಹತ್ತಿದವರ ನೆನಪಾದರೆ ಒಳ್ಳೆಯದು.

ರೈಲಿನ ವಿಷಯದಲ್ಲಿ ಕಿಯಾಂಟಿ ಹಿಂದೆ. ಗ್ರೇವೆ, ರಾದ್ದಾ, ಗಯೋಲೆ ಯಾವುದಕ್ಕೂ ರೈಲು ಇಲ್ಲ. ಬಸ್ಸಿನಲ್ಲಿ ಹೋಗಿ ಅಲ್ಲಿಯೇ ಸೈಕಲ್ ಬಾಡಿಗೆಗೆ ಪಡೆದು, ಹೊರಟಲ್ಲಿಗೇ ಮರಳುವ ಸುತ್ತುದಾರಿ ಹಾಕಿಕೊಳ್ಳುವುದು ಸರಿಯಾದ ಕ್ರಮ. ಫ್ಲಾರೆನ್ಸ್‌ನಿಂದಲೇ ಸೈಕಲ್ ಹತ್ತಿ ಗ್ರೇವೆಗೆ ಹೋಗುವ ಯೋಜನೆ ನಕ್ಷೆಯಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಕಿಯಾಂತಿಜಾನಾ ಎಂಬ 222ನೇ ಸಂಖ್ಯೆಯ ರಸ್ತೆಯಲ್ಲಿ ವಾರಾಂತ್ಯ ಕಾರು, ಬೈಕುಗಳ ಸಾಲು. ಅದರ ಪಕ್ಕದ ಸಣ್ಣ ರಸ್ತೆಗಳನ್ನು ಹುಡುಕಿಕೊಳ್ಳಿ.

ಹಾಗಾದರೆ ಕಾಲಿಗೆ ಅಷ್ಟು ಬಲವಿಲ್ಲದವರಿಗೆ ಕಿಯಾಂಟಿ ಇಲ್ಲವೇ? ಇದೆ, ಇ-ಸೈಕಲ್ ಮೇಲೆ. ಯುರೋಪಿನ ನಿಯಮದಂತೆ ಅದರ ಮೋಟಾರು ಗಂಟೆಗೆ 25 ಕಿಲೋಮೀಟರ್ ವೇಗದವರೆಗೆ ಮಾತ್ರ, ಅದೂ ನೀವು ತುಳಿದರೆ ಮಾತ್ರ ನೆರವಾಗುತ್ತದೆ. ಅದನ್ನು ಬಳಸುವುದು ಕೀಳೆಂದು ಭಾವಿಸುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಏರಿನಲ್ಲಿ ತಲೆ ತಗ್ಗಿಸಿ ಮುಂಚಕ್ರವನ್ನೇ ನೋಡುತ್ತ ಹೋಗುವ ಬದಲು ತೋಟ ನೋಡುತ್ತ ಹೋಗಬಹುದು. ಗಂಡ-ಹೆಂಡತಿಯಲ್ಲಿ ಒಬ್ಬರಿಗೆ ಅಭ್ಯಾಸವಿದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ ಇ-ಸೈಕಲ್ ಇಬ್ಬರನ್ನೂ ಒಂದೇ ವೇಗಕ್ಕೆ ತರುತ್ತದೆ. ಭಾರ ಹೆಚ್ಚಿರುವುದರಿಂದ ಜಲ್ಲಿಯ ಇಳಿತದಲ್ಲಿ ಮಾತ್ರ ಇನ್ನಷ್ಟು ಎಚ್ಚರ ಬೇಕು.

ಪುಲ್ಯಾ: ವಸಂತಕ್ಕೆ, ಮತ್ತು ಸಸ್ಯಾಹಾರಿಗಳಿಗೆ

ಇಟಲಿಯ ಹಿಮ್ಮಡಿಯ ಭಾಗ ಪುಲ್ಯಾ. ಬಾರಿ ನಗರದಿಂದ ದಕ್ಷಿಣಕ್ಕೆ ಹೋದರೆ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದ ಸುಣ್ಣಕಲ್ಲಿನ ಪ್ರಸ್ಥಭೂಮಿ. ಅಲ್ಲಿ ಇತ್ರಿಯಾ ಕಣಿವೆ. ಕಣಿವೆ ಎಂದರೂ ಆಳವಿಲ್ಲ, ತಗ್ಗು-ದಿಣ್ಣೆಗಳ ನಾಡು ಅಷ್ಟೆ. ಕೆಂಪು ಮಣ್ಣು, ಆಲಿವ್ ಮರಗಳು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆಗಳು, ಅವುಗಳ ನಡುವೆ ಶಂಕುವಿನಾಕಾರದ ಕಲ್ಲುಚಾವಣಿಯ ತ್ರುಲ್ಲೊ ಮನೆಗಳು. ಇವುಗಳ ಗುಂಪಿಗಾಗಿ ಅಲ್ಬೆರೊಬೆಲ್ಲೊ ಊರು 1996ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅಲ್ಲಿ ಜನಜಂಗುಳಿ. ಊರು ಬಿಟ್ಟು ಎರಡು ಕಿಲೋಮೀಟರ್ ಹೋದರೆ ಅದೇ ತ್ರುಲ್ಲೊಗಳು ಹೊಲದ ನಡುವೆ, ಬಟ್ಟೆ ಒಣಹಾಕಿದ ಅಂಗಳದೊಂದಿಗೆ, ಜನರು ವಾಸವಿರುವ ಮನೆಗಳಾಗಿಯೇ ಸಿಗುತ್ತವೆ. ಸೈಕಲ್ಲಿನ ಲಾಭ ಇಲ್ಲಿರುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಏರಿಳಿತದಲ್ಲಿ ಇದು ಮಿಂಚೊ ಮತ್ತು ಕಿಯಾಂಟಿಯ ನಡುವಿನದು. ಒಂದು ದಿನಕ್ಕೆ ಅಲ್ಬೆರೊಬೆಲ್ಲೊದಿಂದ ಲೊಕೊರೊತೊಂದೊ, ಅಲ್ಲಿಂದ ಚಿಸ್ತೆರ್ನಿನೊ, ಕೊನೆಗೆ ಬೆಳ್ಳಗೆ ಸುಣ್ಣ ಬಳಿದ ಓಸ್ತುನಿ ಎಂದು ಹೋದರೆ ಹೆಚ್ಚುಕಡಿಮೆ 40 ಕಿಲೋಮೀಟರ್. ಚಿಸ್ತೆರ್ನಿನೊದ ನಂತರ ಒಟ್ಟಾರೆ ಇಳಿತ, ಮುಂದೆ ಸಮುದ್ರ ಕಾಣುತ್ತದೆ. ಓಸ್ತುನಿಯ ರೈಲು ನಿಲ್ದಾಣ ಊರಿನಿಂದ ಕೆಳಗೆ ಬಯಲಿನಲ್ಲಿದೆ, ಅಲ್ಲಿಂದ ಬಾರಿಗೆ ಮುಖ್ಯ ಮಾರ್ಗದ ರೈಲುಗಳಿವೆ. ಒಳನಾಡಿನ ಅಲ್ಬೆರೊಬೆಲ್ಲೊ ಮಾರ್ಗ ಬೇರೆ ಸಂಸ್ಥೆಯದು; ಅಲ್ಲಿ ಭಾನುವಾರದ ವೇಳಾಪಟ್ಟಿಯನ್ನೂ ಸೈಕಲ್‌ಗೆ ಅವಕಾಶವಿದೆಯೇ ಎಂಬುದನ್ನೂ ನೋಡಿಕೊಂಡೇ ಹೊರಡಿ.

ವಾಹನವೇ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ. ನೀರಿಲ್ಲದ ಈ ನಾಡಿಗೆ ಅಪೆನ್ನೈನ್ ಬೆಟ್ಟಗಳಾಚೆಯ ಕಾಪೊಸೆಲೆಯಿಂದ ನೀರು ತರುವ ಕೆಲಸ 1906ರಲ್ಲಿ ಶುರುವಾಗಿ 1915ರಲ್ಲಿ ಬಾರಿಯಲ್ಲಿ ನೀರು ಚಿಮ್ಮಿತು. ಆ ಮಹಾ ಕೊಳವೆಯ ನಿರ್ವಹಣೆಗೆಂದು ಅದರ ಮೇಲೆಯೇ ಇರುವ ಕಾವಲು ಹಾದಿಯ ಒಂದು ತುಣುಕು ಚಿಸ್ತೆರ್ನಿನೊ ಮತ್ತು ಚೆಲ್ಯೆ ಮೆಸ್ಸಾಪಿಕಾ ಊರುಗಳ ಆಸುಪಾಸಿನಲ್ಲಿ ಸೈಕಲ್ ದಾರಿಯಾಗಿದೆ. ನೀರು ತನ್ನ ಭಾರದಿಂದಲೇ ಹರಿಯಬೇಕಾದ್ದರಿಂದ ಹಾದಿ ಹೆಚ್ಚುಕಡಿಮೆ ಸಮತಟ್ಟು. ಕಾಡು ಮತ್ತು ಆಲಿವ್ ತೋಪುಗಳ ನಡುವೆ ಸಾಗುವ ಈ ತುಣುಕು ಚಿಕ್ಕದಾದರೂ ಇಡೀ ಕಣಿವೆಯಲ್ಲಿ ನನಗೆ ಅಚ್ಚುಮೆಚ್ಚು.

ಊಟದ ಮಾತಿಗೆ ಬಂದರೆ ಪುಲ್ಯಾಕ್ಕೆ ಸಾಟಿಯಿಲ್ಲ. ಉತ್ತರದ ಹಸಿ ಪಾಸ್ತಾದಲ್ಲಿ ಮೊಟ್ಟೆಯಿರುತ್ತದೆ. ಪುಲ್ಯಾದ ಒರೆಕ್ಕಿಯೆತ್ತೆ ಬರೀ ರವೆ ಮತ್ತು ನೀರು. ಒಣ ಬೇಳೆಯಂಥ ಫಾವಾ ಅವರೆಯನ್ನು ಬೇಯಿಸಿ ಮಸೆದು, ಮೇಲೆ ಕಹಿ ಸೊಪ್ಪು, ಆಲಿವ್ ಎಣ್ಣೆ ಸುರಿದು ಕೊಡುವ ಫಾವೆ ಎ ಚಿಕೋರಿಯೆ ನಮ್ಮ ನಾಲಗೆಗೆ ಹೇಳಿ ಮಾಡಿಸಿದ್ದು. ಟೊಮೆಟೊ ಹೊದೆಸಿದ ಫೊಕಾಚ್ಚ ತುಂಡುಗಳನ್ನು ಬೇಕರಿಯಲ್ಲಿ ಕಟ್ಟಿಸಿಕೊಂಡರೆ ಬುತ್ತಿಯೂ ಆಯಿತು. ಒಂದೇ ಎಚ್ಚರಿಕೆ: ಒರೆಕ್ಕಿಯೆತ್ತೆಯನ್ನು ಚೀಮೆ ದಿ ರಾಪಾ ಸೊಪ್ಪಿನೊಂದಿಗೆ ಮಾಡುವಾಗ ಆಂಚೊವಿ ಮೀನು ಹಾಕುವುದುಂಟು, ಕೇಳಿ ತರಿಸಿಕೊಳ್ಳಿ. ಇದಕ್ಕೆ ಹೋಲಿಸಿದರೆ ಮಾಂತೋವಾದ ಕುಂಬಳಕಾಯಿ ತೊರ್ತೆಲ್ಲಿ ರುಚಿಯಾಗಿದ್ದರೂ ಮೊಟ್ಟೆ ಮತ್ತು ಗ್ರಾನಾ ಚೀಸ್ ಎರಡೂ ಇರುತ್ತವೆ. ಆ ಚೀಸ್ ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರು ಚೀಸ್ ಬೇಡವೆಂದು ಹೇಳಬೇಕಾಗುತ್ತದೆ. ಟಸ್ಕನಿಯಲ್ಲಿ ಪೀಚಿ ಎಂಬ ದಪ್ಪ ಎಳೆಯ ಪಾಸ್ತಾ ಸಾಮಾನ್ಯವಾಗಿ ಹಿಟ್ಟು-ನೀರಿನದೇ, ಬೆಳ್ಳುಳ್ಳಿ-ಟೊಮೆಟೊ ಸಾಸಿನಲ್ಲಿ ತರಿಸಿಕೊಳ್ಳಬಹುದು. ಬ್ರೆಡ್ಡಿಗೆ ಅಲ್ಲಿ ಉಪ್ಪು ಹಾಕುವುದಿಲ್ಲ.

ಪುಲ್ಯಾಕ್ಕೆ ಏಪ್ರಿಲ್, ಮೇ ಅಥವಾ ಅಕ್ಟೋಬರ್ ಆರಿಸಿ. ಜುಲೈ-ಆಗಸ್ಟ್‌ನಲ್ಲಿ ನೆರಳಿಲ್ಲದ ರಸ್ತೆಯಲ್ಲಿ ಸೈಕಲ್ ತುಳಿಯುವುದು ದೇಹದಂಡನೆ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿ ಮಲಗಿರುತ್ತದೆ, ನೀರು ಕೇಳಲೂ ಯಾರೂ ಸಿಗುವುದಿಲ್ಲ. ಕಲ್ಲುಗೋಡೆಗಳ ನಡುವಿನ ಓಣಿಗಳು ಒಂದು ಕಾರಿನಷ್ಟೇ ಅಗಲ. ತಿರುವಿನಲ್ಲಿ ಗಂಟೆ ಬಾರಿಸಿ.

ಆಲ್ಪೆ ಆದ್ರಿಯಾ: ಬೆಟ್ಟ ಬೇಕು, ಏರು ಬೇಡ

ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಿಂದ ಇಟಲಿಯ ಗ್ರಾದೊ ಕಡಲತೀರದವರೆಗೆ ಸುಮಾರು 410 ಕಿಲೋಮೀಟರ್ ಉದ್ದದ ಸೈಕಲ್ ಮಾರ್ಗವಿದು. ಒಂದು ದಿನಕ್ಕೆ ತಾರ್ವಿಸಿಯೊದಿಂದ ವೆಂಝೊನೆಯವರೆಗಿನ ಸುಮಾರು 60 ಕಿಲೋಮೀಟರ್ ಸಾಕು. ಹೊಸ ರೈಲು ಮಾರ್ಗ ಸುರಂಗಗಳೊಳಗೆ ಹೋದ ಮೇಲೆ ಖಾಲಿ ಬಿದ್ದ ಹಳೆಯ ಪೊಂತೆಬ್ಬಾನಾ ಹಳಿಯ ಜಾಗದಲ್ಲಿ ಇಲ್ಲಿನ ಬಹುಪಾಲು ದಾರಿ ಇದೆ. ರೈಲಿಗೆ ಕಡಿದಾದ ಏರು ಆಗದು. ಹಾಗಾಗಿ ಸೈಕಲ್ಲಿಗೂ ಇಲ್ಲ. ಮೊದಲು ಕಾಂಪೊರೊಸ್ಸೊವರೆಗೆ ನಸು ಏರು. ಕಪ್ಪು ಸಮುದ್ರಕ್ಕೆ ಹೋಗುವ ನೀರು ಮತ್ತು ಆಡ್ರಿಯಾಟಿಕ್‌ಗೆ ಹೋಗುವ ನೀರು ಬೇರ್ಪಡುವ ದಿಣ್ಣೆ ಅದು. ಅಲ್ಲಿಂದ ಫೆಲ್ಲಾ ನದಿಯ ಜೊತೆ ಸುಮಾರು ಐನೂರು ಮೀಟರ್ ಇಳಿತ, ನದಿಯನ್ನು ದಾಟುವ ಹಳೆಯ ಕಬ್ಬಿಣದ ಸೇತುವೆಗಳು, ತಂಪು ಸುರಂಗಗಳು. ಕಿಯೂಸಾಫೋರ್ತೆಯ ಹಳೆಯ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಈಗ ಸೈಕಲ್ ಸವಾರರು ಕುಳಿತು ತಿಂಡಿ ತಿನ್ನುತ್ತಾರೆ. ಕೆಳಭಾಗದಲ್ಲಿ ಕೆಲವು ತುಣುಕು ಸಾಮಾನ್ಯ ರಸ್ತೆಯ ಮೇಲಿದೆ.

ಕೊನೆಯ ಊರು ವೆಂಝೊನೆ 1976ರ ಭೂಕಂಪಗಳಲ್ಲಿ ನೆಲಸಮವಾಗಿತ್ತು. ಊರಿನವರು ಹೊಸ ಕಾಂಕ್ರೀಟ್ ಊರು ಕಟ್ಟಿಕೊಳ್ಳಲು ಒಪ್ಪದೆ, ಬಿದ್ದ ಕಲ್ಲುಗಳನ್ನು ಆಯ್ದು ಸಂಖ್ಯೆ ಕೊಟ್ಟು ಚರ್ಚನ್ನು ಮತ್ತೆ ಎತ್ತಿ ನಿಲ್ಲಿಸಿದರು. ಅದರ ಗೋಡೆಯ ಮುಂದೆ ನಿಲ್ಲಲು ಸಮಯ ಇಟ್ಟುಕೊಳ್ಳಿ.

ಮಿಂಚೊಗೂ ಇದಕ್ಕೂ ಸ್ಪರ್ಧೆ ನಿಜವಾಗಿ ಹತ್ತಿರದ್ದು. ನೋಟದಲ್ಲಿ ಇದು ಮೇಲು, ಬೇಸಿಗೆಯಲ್ಲಿ ತಂಪು. ಆದರೆ ವೆನಿಸ್‌ನಿಂದ ಊದಿನೆ ಮೂಲಕ ತಾರ್ವಿಸಿಯೊ ತಲುಪಲು ಬೆಳಗಿನ ಹೊತ್ತೆಲ್ಲ ಬೇಕು. ಹಿಂದಿನ ರಾತ್ರಿ ಊದಿನೆಯಲ್ಲಿ ತಂಗುವುದು ಮೇಲು. ಮಧ್ಯಾಹ್ನದ ಮೇಲೆ ಗಾಳಿ ಕಣಿವೆಯಲ್ಲಿ ಕೆಳಗಿನಿಂದ ಮೇಲಕ್ಕೆ ಬೀಸಿ ಎದುರಾಗುತ್ತದೆ, ಆದ್ದರಿಂದ ಬೇಗ ಹೊರಡಬೇಕು. ಬೇಸಿಗೆಯ ವಾರಾಂತ್ಯಗಳಲ್ಲಿ ರೈಲಿನಲ್ಲಿ ಸೈಕಲ್ ಜಾಗ ಭರ್ತಿಯಾಗುತ್ತದೆ. ಮೇ ತಿಂಗಳಿಂದ ಅಕ್ಟೋಬರ್ ಆರಂಭದವರೆಗೆ ಕಾಲ. ಚಳಿಗಾಲದಲ್ಲಿ ಮೇಲೆ ಹಿಮ.

ಯಾವ ದಾರಿಯಾದರೂ

ಬಾಡಿಗೆ ಸೈಕಲ್ ಹತ್ತಿದ ಕೂಡಲೇ ನೋಡಬೇಕಾದ್ದು ಬ್ರೇಕ್. ನಮ್ಮಲ್ಲಿ ಬಲಗೈ ಹಿಡಿ ಮುಂಚಕ್ರಕ್ಕೆ. ಯುರೋಪಿನ ಬಾಡಿಗೆ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಎಡಗೈ ಹಿಡಿ ಮುಂಚಕ್ರಕ್ಕೆ. ಗಾಬರಿಯಲ್ಲಿ ಕೈ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ. ಹೊರಡುವ ಮೊದಲು ಸಪಾಟು ಜಾಗದಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಒತ್ತಿ, ಹತ್ತು ನಿಮಿಷ ರೂಢಿ ಮಾಡಿಕೊಳ್ಳಿ. ಅಲ್ಲಿ ವಾಹನ ಸಂಚಾರ ರಸ್ತೆಯ ಬಲಬದಿಯಲ್ಲಿ. ನೇರ ದಾರಿಯಲ್ಲಿ ಇದು ತಾನಾಗಿ ಬರುತ್ತದೆ, ಊಟ ಮುಗಿಸಿ ಖಾಲಿ ರಸ್ತೆಗೆ ಇಳಿಯುವಾಗ ಮರೆಯುತ್ತದೆ.

ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ ಗುರುತಿರುವ ಬೋಗಿಗೆ ಹತ್ತಬೇಕು. ಇಟಲಿಯ ಸರ್ಕಾರಿ ರೈಲು ಸಂಸ್ಥೆ ತ್ರೆನಿತಾಲಿಯಾದಲ್ಲಿ ಸೈಕಲ್‌ಗೆ ದಿನದ ಟಿಕೆಟ್ 3.50 ಯೂರೊ, ಮಡಚುವ ಸೈಕಲ್‌ಗೆ ಬೇಕಿಲ್ಲ. ವೇಗದ ರೈಲುಗಳಲ್ಲಿ ಬಿಡಿಸಿ ಚೀಲದಲ್ಲಿ ಹಾಕಿದ ಅಥವಾ ಮಡಚಿದ ಸೈಕಲ್ ಮಾತ್ರ. ವಯಸ್ಕರಿಗೆ ಹೆಲ್ಮೆಟ್ ಕಾನೂನಿನ ಕಡ್ಡಾಯವಲ್ಲ, ಹಾಗಿದ್ದರೂ ಹಾಕಿಕೊಳ್ಳಿ. ಸುರಂಗಗಳಲ್ಲಿ ಮತ್ತು ಊರ ಹೊರಗೆ ಕತ್ತಲಾದ ಮೇಲೆ ದೀಪ ಮತ್ತು ಹೊಳೆಯುವ ಜಾಕೆಟ್ ಬೇಕೇ ಬೇಕು. ಕಿಯಾಂಟಿಯಲ್ಲಿ ವೈನ್ ರುಚಿ ನೋಡುವವರು ನೆನಪಿಡಿ: ಕುಡಿದು ಓಡಿಸುವುದರ ಮೇಲಿನ ನಿಯಮ ಸೈಕಲ್ಲಿಗೂ ಅನ್ವಯಿಸುತ್ತದೆ. ಬಾಟಲಿ ಕೊಂಡು ಸಂಜೆ ಕೋಣೆಯಲ್ಲಿ ತೆರೆಯಿರಿ.

ಹಳ್ಳಿಗಳಲ್ಲಿ ಅಡುಗೆಮನೆ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆವರೆಗೆ ಮಾತ್ರ ತೆರೆದಿರುತ್ತದೆ. ಮೂರಕ್ಕೆ ಹೋದರೆ ಕಾಫಿ ಮತ್ತು ಬಿಸ್ಕತ್ತೇ ಗತಿ. ಚೌಕಗಳಲ್ಲಿ ನಲ್ಲಿಗಳಿರುತ್ತವೆ, 'ನೋನ್ ಪೊತಾಬಿಲೆ' ಎಂಬ ಫಲಕವಿದ್ದರೆ ಕುಡಿಯಬೇಡಿ, ಇಲ್ಲದಿದ್ದರೆ ಬಾಟಲಿ ತುಂಬಿಸಿಕೊಳ್ಳಿ.

ಹಾಗಾಗಿ ನನ್ನ ಆಯ್ಕೆ ಹೀಗೆ. ಮಕ್ಕಳೊಂದಿಗೆ, ಅಥವಾ ಸೈಕಲ್ ಬಿಟ್ಟು ಬಹುಕಾಲವಾದವರಿಗೆ ಮಿಂಚೊ. ಸೈಕಲ್ಲೇ ಪ್ರವಾಸದ ಕಾರಣವಾಗಿದ್ದು ವಾರಕ್ಕೊಮ್ಮೆಯಾದರೂ ಏರು ಹತ್ತುವವರಿಗೆ ಕಿಯಾಂಟಿ, ಅದೂ ದ್ರಾಕ್ಷಿ ಕೊಯ್ಲಿನ ಸೆಪ್ಟೆಂಬರ್‌ನಲ್ಲಿ. ಏಪ್ರಿಲ್-ಮೇ ರಜೆಯಲ್ಲಿ ಹೋಗುವ ಸಸ್ಯಾಹಾರಿ ಕುಟುಂಬಕ್ಕೆ ಪುಲ್ಯಾ. ಜುಲೈ-ಆಗಸ್ಟ್‌ನ ನಡುಬೇಸಿಗೆಯಲ್ಲಿ ಹೋಗಲೇಬೇಕಾದವರಿಗೆ ಆಲ್ಪೆ ಆದ್ರಿಯಾ.

ಇಡೀ ದಿನ ಸಿಗದೆ ಎರಡು ಗಂಟೆ ಮಾತ್ರ ಇದ್ದರೆ, ಅಥವಾ ಅಪ್ಪ-ಅಮ್ಮ ಜೊತೆಗಿದ್ದರೆ, ಫ್ಲಾರೆನ್ಸ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಲುಕ್ಕಾಕ್ಕೆ ಹೋಗಿ. ಊರನ್ನು ಸುತ್ತುವರಿದ ಹಳೆಯ ಕೋಟೆಗೋಡೆಯ ಮೇಲೆ ಸುಮಾರು 4.2 ಕಿಲೋಮೀಟರ್ ಉದ್ದದ ಅಗಲವಾದ ಹಾದಿಯಿದೆ, ಇಕ್ಕೆಲದಲ್ಲೂ ಮರಗಳು, ಕಾರುಗಳಿಲ್ಲ. ಸೈಕಲ್ ಗೋಡೆಯ ಬುಡದಲ್ಲೇ ಬಾಡಿಗೆಗೆ ಸಿಗುತ್ತದೆ. ನಡೆಯಲು ಇಷ್ಟಪಡುವವರು ಪಕ್ಕದಲ್ಲೇ ನಡೆದು ಬರಬಹುದು.